ನಿಮ್ಮ ಜೇಬಿನಲ್ಲೇ ಇದೆ 77 ಅಂಕಿಗಳ ವಿಸ್ಮಯ!

ಸಂಜೆ ಏಳರ ಬೊಮ್ಮನಹಳ್ಳಿ. ಹೊಸೂರು ರಸ್ತೆಯಲ್ಲಿ ಬಸ್ಸು ಅಲುಗಾಡುತ್ತಿಲ್ಲ. ‘ಅಮ್ಮ, ಇವತ್ತು ಲೇಟಾಗುತ್ತೆ’ ಎಂದು ಯಾರೋ ವಾಟ್ಸಾಪ್ ಕಳಿಸುತ್ತಾರೆ. ಆ ಮಾತು ಮೂರನೆಯವರ ಕಣ್ಣಿಗೆ ಬೀಳದಂತೆ ಕಾಯುವವರು ಯಾರು ಗೊತ್ತೆ? ಇಗೋ, ಈ ಮಹಾಶಯರು:

57896044618658097711785492504343953926634992332820282019728792003956564819949

ಎಣಿಸಿ ನೋಡಿ, 77 ಅಂಕಿ! 1ಕ್ಕೂ ತನಗೂ ಬಿಟ್ಟು ಇನ್ಯಾವ ಸಂಖ್ಯೆಗೂ ಬಗ್ಗದ ಅವಿಭಾಜ್ಯ ಸಂಖ್ಯೆ. 2ರ 255ನೇ ಘಾತದಿಂದ 19 ಕಳೆದರೆ ಸಿಗುವುದು ಇದೇ. ಆ ಘಾತದಿಂದ ಒಂದೊಂದೇ ಸಂಖ್ಯೆ ಹಿಂದೆ ಸರಿದರೆ ಮೊದಲು ಎದುರಾಗುವ ಅವಿಭಾಜ್ಯವೂ ಇದೇ!

ಗೂಢಲಿಪಿ ತಜ್ಞ ಡೇನಿಯಲ್ ಬರ್ನ್‌ಸ್ಟೀನ್ 2006ರ ತಮ್ಮ ಪ್ರಬಂಧದಲ್ಲಿ ಇದನ್ನೇ ಆರಿಸಿಕೊಂಡದ್ದೇಕೆ? ಗುಟ್ಟೆಲ್ಲ ಆ ಪುಟ್ಟ 19ರಲ್ಲಿದೆ. ಗೂಢಲಿಪಿಯ ಲೆಕ್ಕದಲ್ಲಿ ಹೆಜ್ಜೆಹೆಜ್ಜೆಗೂ ಈ ಸಂಖ್ಯೆಯಿಂದ ಭಾಗಿಸಿ ಶೇಷ ಉಳಿಸಿಕೊಳ್ಳಬೇಕು. ಭಾಗಾಕಾರ ಎಂದರೆ ಕಂಪ್ಯೂಟರಿಗೂ ಬೇಸರದ ಕೆಲಸ. ಚಿಕ್ಕದರಲ್ಲಿ ನೋಡೋಣ. 97 ಎಂದರೆ 100ಕ್ಕೆ 3 ಕಡಿಮೆ. 538ನ್ನು 97ರಿಂದ ಭಾಗಿಸಿದರೆ ಶೇಷವೆಷ್ಟು? ಭಾಗಿಸುವುದೇ ಬೇಡ! ನೂರರ ಸ್ಥಾನದ 5ನ್ನು 3ರಿಂದ ಗುಣಿಸಿ, ಉಳಿದ 38ಕ್ಕೆ ಕೂಡಿಸಿ: 53. ಮುಗಿಯಿತು! ಫೋನು ಮಾಡುವುದೂ ಇದನ್ನೇ. 255 ಬಿಟ್ ಮೀರಿ ಉಕ್ಕಿದ್ದನ್ನು 19ರಿಂದ ಗುಣಿಸಿ ಕೆಳಗಿನದಕ್ಕೆ ಕೂಡಿಸುತ್ತದೆ.

ಅವಿಭಾಜ್ಯವೇ ಏಕೆ ಬೇಕು? ಆಗ ಮಾತ್ರ ಈ ಶೇಷಗಳ ಲೋಕದಲ್ಲಿ ಸೊನ್ನೆಯೊಂದನ್ನು ಬಿಟ್ಟು ಯಾವುದರಿಂದ ಬೇಕಾದರೂ ಭಾಗಿಸಬಹುದು. ಅಲ್ಲೇ ಲೆಕ್ಕ ಮಾಡಿ ಎರಡು ಫೋನುಗಳು ಒಂದೇ ಗುಟ್ಟಿನ ಕೀಲಿಗೆ ಬಂದು ನಿಲ್ಲುತ್ತವೆ. ನಡುವೆ ಕದ್ದು ನೋಡಿದವನು ಲೆಕ್ಕವನ್ನು ಹಿಂದುಮುಂದಾಗಿ ಬಿಡಿಸಲು ಹೊರಟರೆ ಇಂದಿನ ಕಂಪ್ಯೂಟರುಗಳೆಲ್ಲ ಸೇರಿದರೂ ಸಾಲವು!

ಗಾತ್ರದಲ್ಲಿ ಇದನ್ನು ಮೀರಿಸಿದವು ಎಷ್ಟೋ ಇವೆ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಪತ್ತೆ ಮಾಡಿದ ಅವಿಭಾಜ್ಯಕ್ಕೆ 4,10,24,320 ಅಂಕಿಗಳು! ಆದರೆ ಬೀಗ ಹಾಕುವ ಕೆಲಸಕ್ಕೆ ಅಂಥ ಭೀಮಕಾಯ ಬೇಡ, 77 ಅಂಕಿ ಸಾಕು.

ಮಂಡ್ಯದಲ್ಲಿ ಹುಟ್ಟಿದ ಗಣಿತಜ್ಞ ಕೆ. ರಾಮಚಂದ್ರ, ದೊಡ್ಡ ಅವಿಭಾಜ್ಯ ಅಪವರ್ತನವಿರುವ ಸಂಖ್ಯೆಗಳ ಬಗ್ಗೆ 1969ರಲ್ಲೇ ಬರೆದಿದ್ದರು. ಆಗ ಕೈಯಲ್ಲಿ ಹಿಡಿಯುವ ಫೋನೇ ಹುಟ್ಟಿರಲಿಲ್ಲ. ಲಾಭ ನೋಡದೆ ಸಂಖ್ಯೆಗಳ ಬೆನ್ನು ಹತ್ತಿದವರ ವಿದ್ಯೆಯೇ ಇಂದು ನಮ್ಮ ಮಾತುಗಳನ್ನು ಕಾಯುತ್ತಿದೆ.

ಪೆನ್ನು ಹತ್ತಿರವಿದ್ದರೆ 999ಕ್ಕೂ 97ರ ಉಪಾಯ ಮಾಡಿ ನೋಡಿ. ಉತ್ತರ 97 ದಾಟಿದರೆ ಇನ್ನೊಮ್ಮೆ 97 ಕಳೆಯಿರಿ. 29 ಬಂತೆಂದರೆ ನಿಮ್ಮ ಫೋನಿನ ಲೆಕ್ಕ ನಿಮಗೂ ಬಂತು!