ಕರ್ನಾಟಕದ ನವೀಕರಿಸಬಹುದಾದ ಇಂಧನ ನೀತಿ

ಕರ್ನಾಟಕದ ನವೀಕರಿಸಬಹುದಾದ ಇಂಧನ ನೀತಿಯು ಸೌರ, ಪವನ, ಕಿರುಜಲ ಮತ್ತು ಜೈವಿಕ ಮೂಲಗಳಿಂದ ವಿದ್ಯುತ್ ಉತ್ಪಾದನೆಯನ್ನು ಹೆಚ್ಚಿಸಲು ರಾಜ್ಯ ಸರ್ಕಾರ ಕಾಲಕಾಲಕ್ಕೆ ರೂಪಿಸಿದ ನೀತಿಗಳ ಸರಣಿಯಾಗಿದೆ. ಇವುಗಳ ಅನುಷ್ಠಾನವನ್ನು 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತವು ನೋಡಿಕೊಳ್ಳುತ್ತದೆ.

ಘಟಪ್ರಭಾ ಕಣಿವೆಯಲ್ಲಿ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಇಂತಹ ಉತ್ಪಾದನೆಯು ನೀತಿಗಿಂತ ಹಳೆಯದು. ಗೋಕಾಕ ಜಲಪಾತದ ನೀರಿನ ಬಲವನ್ನು ಅಲ್ಲಿನ ನೂಲಿನ ಗಿರಣಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಬಳಸಿಕೊಂಡಿತ್ತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಲ್ಲಿ ತಲಾ 16 ಮೆಗಾವ್ಯಾಟ್‌ನ ಎರಡು ಜಲವಿದ್ಯುತ್ ಘಟಕಗಳಿವೆ. ವಿಚಿತ್ರವೆಂದರೆ, 25 ಮೆಗಾವ್ಯಾಟ್‌ವರೆಗಿನ ಸ್ಥಾವರಗಳನ್ನು ಮಾತ್ರ ಕಿರುಜಲವೆಂದು ಪರಿಗಣಿಸುತ್ತಿದ್ದುದರಿಂದ, 2019ರಲ್ಲಿ ಕೇಂದ್ರ ಸರ್ಕಾರ ದೊಡ್ಡ ಜಲವಿದ್ಯುತ್ತನ್ನೂ ಸೇರಿಸಿಕೊಳ್ಳುವವರೆಗೆ, ಈ 32 ಮೆಗಾವ್ಯಾಟ್‌ನ ಕೇಂದ್ರವು ನವೀಕರಿಸಬಹುದಾದ ಇಂಧನದ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಇದು ಕಬ್ಬಿನ ಸೀಮೆಯೂ ಹೌದು. ಸಕ್ಕರೆ ಕಾರ್ಖಾನೆಗಳು ರಸ ಹಿಂಡಿದ ಸಿಪ್ಪೆಯನ್ನು ಉರಿಸಿ, ಉಗಿಯಿಂದ ವಿದ್ಯುತ್ ತಯಾರಿಸಿ, ತಮ್ಮ ಬಳಕೆಗೆ ಮಿಕ್ಕಿದ್ದನ್ನು ಜಾಲಕ್ಕೆ ಮಾರುತ್ತವೆ. ಕಬ್ಬು ನುರಿಸುವ ಹಂಗಾಮು ಮಳೆಗಾಲದ ನಂತರ ಬರುವುದರಿಂದ, ಜಲಾಶಯಗಳು ಇಳಿಯತೊಡಗುವ ತಿಂಗಳುಗಳಲ್ಲಿ ಈ ವಿದ್ಯುತ್ ದೊರೆಯುತ್ತದೆ.

ನೀತಿಯ ಸಾಧನಗಳು

ವಿದ್ಯುಚ್ಛಕ್ತಿ ಕಾಯ್ದೆ, 2003ರ ಪ್ರಕಾರ ವಿತರಣಾ ಸಂಸ್ಥೆಗಳು ನವೀಕರಿಸಬಹುದಾದ ಮೂಲಗಳಿಂದ ಖರೀದಿಸಬೇಕಾದ ಪಾಲನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸುತ್ತದೆ. 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೂ ಈ ಬಾಧ್ಯತೆ ಅನ್ವಯಿಸುತ್ತದೆ.

ಎರಡನೆಯ ಸಾಧನ ರಿಯಾಯಿತಿ. 2013ರ ಏಪ್ರಿಲ್‌ನಿಂದ 2018ರ ಮಾರ್ಚ್‌ವರೆಗೆ ಕಾರ್ಯಾರಂಭಿಸಿದ ಸೌರ ಸ್ಥಾವರಗಳಿಗೆ, ವಿದ್ಯುತ್ತನ್ನು ಜಾಲದಲ್ಲಿ ಸಾಗಿಸುವ ಮತ್ತು ಅಲ್ಲಿ ಜಮೆಯಿಟ್ಟು ನಂತರ ಪಡೆಯುವ ಶುಲ್ಕಗಳಿಂದ ಆಯೋಗವು ಹತ್ತು ವರ್ಷಗಳ ವಿನಾಯಿತಿ ನೀಡಿತು. ಗಡುವಿಗೆ ಮೊದಲು ಸ್ಥಾವರಗಳನ್ನು ಪೂರ್ಣಗೊಳಿಸುವ ಧಾವಂತ ಉಂಟಾಯಿತು. ಸೌರ ಸಾಮರ್ಥ್ಯದಲ್ಲಿ ಕರ್ನಾಟಕವು ದೇಶದಲ್ಲೇ ಮುಂಚೂಣಿಗೆ ಬಂತು. ಪಾವಗಡದಲ್ಲಿ ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್‌ನ ಸೌರ ಉದ್ಯಾನ ನಿರ್ಮಿಸಲಾಯಿತು.

ವಿನಾಯಿತಿಯು ಉಚಿತವಾದುದಲ್ಲ. ದೊಡ್ಡ ಗ್ರಾಹಕರು ಖಾಸಗಿ ಸೌರ ವಿದ್ಯುತ್ತಿಗೆ ಹೊರಳಿದಷ್ಟೂ, ಅವರು ಭರಿಸುತ್ತಿದ್ದ ಹೆಚ್ಚಿನ ದರದ ಆದಾಯವನ್ನು ವಿತರಣಾ ಸಂಸ್ಥೆಗಳು ಕಳೆದುಕೊಳ್ಳುತ್ತವೆ; ಆ ಕೊರತೆಯನ್ನು ಉಳಿದ ಗ್ರಾಹಕರ ದರದಿಂದಲೋ ಸರ್ಕಾರದ ಸಹಾಯಧನದಿಂದಲೋ ತುಂಬಬೇಕಾಗುತ್ತದೆ. ಸೂರ್ಯಾಸ್ತದ ನಂತರದ ಬೇಡಿಕೆ ಮತ್ತೊಂದು ತೊಡಕು. ಹೆಚ್ಚುವರಿಯಾಗಿ 10,000 ಮೆಗಾವ್ಯಾಟ್ ಸಾಮರ್ಥ್ಯದ ಗುರಿಯುಳ್ಳ 2022–27ರ ನೀತಿಯು ವಿದ್ಯುತ್ ಸಂಗ್ರಹಣೆಗೂ ಒತ್ತು ನೀಡಿದೆ.