ಬಂಡೆಗಳ ನಡುವಣ ಕೊಂಬಿನ ಗೂಬೆ

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಸೀಮೆಯ ಕಲ್ಲುಗುಡ್ಡಗಳನ್ನು ಹಗಲಿನಲ್ಲಿ ನೋಡಿದವರಿಗೆ ಅಲ್ಲಿ ಬಿಸಿಲು, ಬಂಡೆ ಮತ್ತು ಜಾಲಿಯ ಪೊದೆಗಳಲ್ಲದೆ ಬೇರೇನೂ ಇದ್ದಂತೆ ತೋರದು. ಹೊತ್ತು ಮುಳುಗಿದ ಮೇಲೆ ಇಂತಹ ಬಂಡೆಗಳ ನೆತ್ತಿಯಿಂದಲೇ 'ಬೂ-ಬೋ' ಎಂಬ ಗಂಭೀರ ಧ್ವನಿ ಕೇಳಿಬರುವುದುಂಟು. ಇದು ಕೊಂಬಿನ ಗೂಬೆಯ ಕೂಗು. ಪ್ರಾಣಿಶಾಸ್ತ್ರಜ್ಞರು ಇದನ್ನು ಬ್ಯೂಬೊ ಬೆಂಗಾಲೆನ್ಸಿಸ್ ಎಂದು ಕರೆಯುತ್ತಾರೆ. ಮಲೆನಾಡಿನ ದಟ್ಟ ಕಾನನ ಇದಕ್ಕೆ ಒಗ್ಗದು. ಕುರುಚಲು ಕಾಡು, ಕೊರಕಲು, ಕಲ್ಲಿನ ಸಂದುಗಳೇ ಇದರ ನೆಲೆ. ಕರಡಿಗಳ ಅಭಯಧಾಮವಾಗಿರುವ ಗುಡೇಕೋಟೆಯ ಬಂಡೆಗಳಂತಹ ತಾಣ ಇದಕ್ಕೂ ಹಿತ.

ಸುಮಾರು 50ರಿಂದ 56 ಸೆಂಟಿಮೀಟರು ಉದ್ದದ ಈ ಹಕ್ಕಿಯ ಮೈ ಕಂದು. ಅದರ ಮೇಲೆ ಕಪ್ಪು ಗೆರೆಗಳು. ಕಣ್ಣು ಕಿತ್ತಳೆ. ತಲೆಯ ಮೇಲಿನ 'ಕೊಂಬು'ಗಳು ಕೇವಲ ಗರಿಗಳ ಕುಚ್ಚು. ಕಿವಿಗಳಾದರೋ ಮುಖದ ಪಕ್ಕದ ಗರಿಗಳ ಮರೆಯಲ್ಲಿವೆ. ಕಣ್ಣುಗುಡ್ಡೆಗಳನ್ನು ಹೊರಳಿಸಲು ಇದಕ್ಕೆ ಬಾರದು. ಆದರೇನು? ನಮ್ಮ ಕತ್ತಿನಲ್ಲಿ 7 ಮೂಳೆಗಳಿದ್ದರೆ ಗೂಬೆಯ ಕತ್ತಿನಲ್ಲಿ 14 ಇವೆ; ಬೆನ್ನ ಹಿಂದಿನದನ್ನೂ ಅದು ತಿರುಗಿ ನೋಡಬಲ್ಲದು. ರೆಕ್ಕೆಯ ಅಂಚಿನ ಗರಿಗಳಲ್ಲಿ ಬಾಚಣಿಗೆಯ ಹಲ್ಲುಗಳಂತಹ ಎಳೆಗಳಿದ್ದು, ಅವು ಗಾಳಿಯ ಸದ್ದನ್ನು ಅಡಗಿಸುತ್ತವೆ. ಮೇಲೆರಗುವವರೆಗೂ ಇಲಿಗೆ ಸುಳಿವೇ ಸಿಗದು.

ಇಲಿ, ಹೆಗ್ಗಣಗಳೇ ಇದರ ಮುಖ್ಯ ಆಹಾರ. ಜೋಳ, ಶೇಂಗಾ ಬೆಳೆಯುವ ರೈತನಿಗೆ ಇಷ್ಟು ಅಗ್ಗದ ಕಾವಲುಗಾರ ಮತ್ತೊಬ್ಬನಿಲ್ಲ. ಹೀಗಿದ್ದರೂ ಅಪಶಕುನವೆಂದು ಇದನ್ನು ಕಲ್ಲೆಸೆದು ಓಡಿಸುವವರಿದ್ದಾರೆ. ಮಾಟಕ್ಕೆಂದು ಹಿಡಿದು ಮಾರುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದು ಅಪರಾಧ. ವಿಷದ ಕಾಳು ತಿಂದ ಇಲಿಯನ್ನು ನುಂಗಿ ಗೂಬೆ ಸಾಯುವುದುಂಟು. ಗುಡ್ಡವನ್ನೇ ಒಡೆದು ಜಲ್ಲಿ ಮಾಡಿದರಂತೂ ಅದಕ್ಕೆ ಮನೆಯೇ ಇಲ್ಲ.

ಮನೆಯೆಂದೆವು, ಆದರೆ ಈ ಹಕ್ಕಿ ಗೂಡನ್ನು ಕಟ್ಟುವುದಿಲ್ಲ. ಬಂಡೆಯ ಚಾಚಿನ ಮೇಲೆ ಅಥವಾ ಪೊದೆಯ ಬುಡದ ಬರಿನೆಲದಲ್ಲಿ, ಹೆಚ್ಚಾಗಿ ನವೆಂಬರಿನಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ, 2ರಿಂದ 4 ಮೊಟ್ಟೆಗಳನ್ನಿಡುತ್ತದೆ. ಮೊದಲ ಮೊಟ್ಟೆಯಿಟ್ಟೊಡನೆಯೇ ಕಾವು ಕೊಡಲಾರಂಭಿಸುವುದರಿಂದ ಮರಿಗಳು ಒಂದಕ್ಕಿಂತ ಒಂದು ಚಿಕ್ಕವಾಗಿರುತ್ತವೆ. ಮನುಷ್ಯರು ಹತ್ತಿರ ಬಂದರೆ ತಾಯ್ತಂದೆಗಳು ರೆಕ್ಕೆ ಮುರಿದಂತೆ ನಟಿಸಿ ಬಂದವರನ್ನು ಬೇರೆಡೆಗೆ ಸೆಳೆಯಲೆತ್ನಿಸುತ್ತವೆ. ಆ ತಿಂಗಳುಗಳಲ್ಲಿ ಅತ್ತ ಸುಳಿಯದಿರುವುದು ಮೇಲು.

ಮರಿಗಳು ಹಾರಿಹೋದ ಮೇಲೆ ವಿದ್ಯಾರ್ಥಿಗಳು ಬಂಡೆಯ ಬುಡವನ್ನು ಪರೀಕ್ಷಿಸಬಹುದು. ಜೀರ್ಣವಾಗದ ರೋಮ, ಎಲುಬುಗಳನ್ನು ಗೂಬೆ ಉಂಡೆಗಟ್ಟಿ ಕಕ್ಕುತ್ತದೆ. ಒಣಗಿದ ಉಂಡೆಯನ್ನು ನೀರಿನಲ್ಲಿ ನೆನೆಹಾಕಿ, ಚಿಮುಟದಿಂದ ಬಿಡಿಸಿದರೆ ಇಲಿಗಳ ದವಡೆಗಳು ಒಂದೊಂದಾಗಿ ಹೊರಬೀಳುತ್ತವೆ; ಎಣಿಸಿಕೊಳ್ಳಬಹುದು.