ಕ್ಲಚ್ ಹಿಡಿಯುವ ಗಳಿಗೆ

ದಾವಣಗೆರೆಯಿಂದ ಬಾತಿಯ ಮೇಲೆ ಹಾದು ಹರಿಹರ ಸೇರುವ ಹಳೆಯ ಪಿ.ಬಿ. ರಸ್ತೆ, ಎಂದರೆ ಪುಣೆ-ಬೆಂಗಳೂರು ರಸ್ತೆಯ ಈ ತುಣುಕು, ಹದಿನಾಲ್ಕು ಕಿಲೋಮೀಟರಿನಷ್ಟೇ ಇದ್ದರೂ ಕೈಯಿಂದ ಗೇರ್ ಹಾಕುವ ಕಾರಿನ ಸ್ವಭಾವವನ್ನು ಅರಿಯಲು ಧಾರಾಳವಾಗಿ ಸಾಕು. ನಗರದ ಆಟೋ, ಬಸ್ಸುಗಳ ನಡುವೆ ಒಂದು, ಎರಡನೇ ಗೇರಿನಲ್ಲಿ ತೆವಳಿದ ಕಾರು ಬಾತಿ ಕೆರೆಯ ಬಯಲಿನಲ್ಲಿ ನಾಲ್ಕಕ್ಕೋ ಐದಕ್ಕೋ ಏರಿ, ರಸ್ತೆಯಂಚಿನಲ್ಲಿ ಒಣಹಾಕಿದ ಮೆಕ್ಕೆಜೋಳವೋ ಕಬ್ಬು ಹೇರಿದ ಟ್ರ್ಯಾಕ್ಟರೋ ಎದುರಾದೊಡನೆ ಮೂರಕ್ಕೆ ಇಳಿಯುತ್ತದೆ. ಈ ಏರಿಳಿತವನ್ನು ಬಲ್ಲ ಚಾಲಕ ವೇಗದ ಮುಳ್ಳನ್ನು ನೋಡುವುದು ಕಡಿಮೆ; ಎಂಜಿನ್ನಿನ ದನಿ ಭಾರವಾದರೆ ಗೇರ್ ಇಳಿಸುತ್ತಾನೆ, ಚೀರಿದರೆ ಏರಿಸುತ್ತಾನೆ.

ಇಷ್ಟೆಲ್ಲ ಏಕೆ ಬೇಕೆಂದರೆ, ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ನಿಂತಲ್ಲಿಂದ ಬಲ ಕೊಡಲಾರದು. ನಿಮಿಷಕ್ಕೆ ಸುಮಾರು 800 ಸುತ್ತಿಗಿಂತ ಬಹಳ ಕೆಳಗಿಳಿದರೆ ಅದು ಬಂದ್ ಬೀಳುತ್ತದೆ. ಚಕ್ರವಾದರೋ ಸೊನ್ನೆಯಿಂದಲೇ ತಿರುಗಬೇಕು. ಚಿಕ್ಕ ಹಲ್ಲುಗಾಲಿಯೊಂದು ದೊಡ್ಡದನ್ನು ತಿರುಗಿಸಿದಾಗ ವೇಗ ತಗ್ಗಿ ತಿರುಗುಬಲ ಹೆಚ್ಚುವುದರಿಂದ, ಮೊದಲನೇ ಗೇರಿನಲ್ಲಿ ಎಂಜಿನ್ ಮೂರೂವರೆ ಸುತ್ತು ಸುತ್ತಿದರೆ ಗೇರ್‌ಬಾಕ್ಸಿನಿಂದ ಹೊರಡುವ ದಂಡ ಹೆಚ್ಚುಕಡಿಮೆ ಒಂದೇ ಸುತ್ತು ತಿರುಗುತ್ತದೆ, ಹೊರೆಯೂ ಎಳೆಯಲ್ಪಡುತ್ತದೆ.

ಹರಿಹರದವರಿಗೆ ಈ ಲೆಕ್ಕ ಹೊಸದಲ್ಲ. 1941ರಲ್ಲಿ ಅಲ್ಲಿ ಆರಂಭವಾಗಿ ಈಗ ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸುತ್ತಿದ್ದುದು ಲೇಥುಗಳನ್ನು, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರಗಳನ್ನು; ಗೇರಿನ ಲೇಥಿನಲ್ಲೂ ಹಿಡಿಕೆ ಸರಿಸಿ ಹಲ್ಲುಗಾಲಿಗಳನ್ನು ಕೂಡಿಸಿಯೇ ವೇಗವನ್ನು ಆರಿಸಬೇಕು. ವ್ಯತ್ಯಾಸವಿಷ್ಟೆ: ಲೇಥನ್ನು ನಿಲ್ಲಿಸಿ ಗೇರ್ ಬದಲಿಸಬಹುದು, ಓಡುವ ಕಾರನ್ನು ಪ್ರತಿ ಗೇರಿಗೂ ನಿಲ್ಲಿಸಲಾಗದು. ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಓಟದಲ್ಲೇ ಕೂಡಿಸುವ ಈ ಒಂದು ತೊಡಕಿನಿಂದಲೇ ಚಾಲನೆಯ ಕಸುಬು ಹುಟ್ಟಿತೆನ್ನಬೇಕು.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಇರುವ ನಂಟನ್ನು ಕ್ಷಣಕಾಲ ಬಿಡಿಸುವುದು ಕ್ಲಚ್ ಪೆಡಲ್. ಕೂಡಬೇಕಾದ ಭಾಗಗಳ ವೇಗವನ್ನು ಉಜ್ಜಿ ಸಮಗೊಳಿಸುವುದು, ಕಾರುಗಳಲ್ಲಿ 1928ರಲ್ಲಿ ಕ್ಯಾಡಿಲಾಕ್ ಮೊದಲು ತಂದ ಸಿಂಕ್ರೋಮೆಶ್ ಎಂಬ ಏರ್ಪಾಡು. ಹಳೆಯ ಅಂಬಾಸಿಡರಿನ ಮೊದಲನೇ ಗೇರಿಗೆ ಈ ಸವಲತ್ತಿರಲಿಲ್ಲವಾದ್ದರಿಂದ, ಓಡುತ್ತಿರುವಾಗಲೇ ಅದಕ್ಕೆ ಇಳಿಸಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲಿಗೆ ತಂದು, ಬಿಟ್ಟು, ತುಸು ಆಕ್ಸಿಲರೇಟರ್ ಕೊಟ್ಟು, ಮತ್ತೆ ಒತ್ತಿ ಗೇರ್ ಹಾಕುವ ‘ಡಬಲ್ ಕ್ಲಚ್’ ಬೇಕಾಗುತ್ತಿತ್ತು. ತಪ್ಪಿದರೆ ಕರ್ರೆಂಬ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಅದರ ಗೇರ್ ಕೋಲೋ ಸ್ಟೀರಿಂಗಿನ ಕಂಬಕ್ಕೇ ಅಂಟಿಕೊಂಡಿದ್ದುದರಿಂದ ಮುಂದಿನ ಉದ್ದ ಸೀಟಿನಲ್ಲಿ ಚಾಲಕನ ಪಕ್ಕ ಇಬ್ಬರು ಕೂರಬಹುದಿತ್ತು, ಮೂರನೆಯವರೂ ತೂರಿಕೊಳ್ಳುತ್ತಿದ್ದರು ಎಂಬುದನ್ನು ಬೇರೆ ಹೇಳಬೇಕಿಲ್ಲ. ನೆಲದಿಂದ ಮೇಲೆದ್ದ ಗೇರ್ ಕೋಲನ್ನು ನಮ್ಮ ಮನೆಗಳಿಗೆ ಪರಿಚಯಿಸಿದ್ದು ಬಹುಮಟ್ಟಿಗೆ 1983ರ ಮಾರುತಿ 800.

ಕಲಿಯುವವರು ಎಡವುವುದು ಗೇರಿನಲ್ಲಲ್ಲ, ‘ಹಾಫ್ ಕ್ಲಚ್’ನಲ್ಲಿ. ಪೆಡಲನ್ನು ನಿಧಾನವಾಗಿ ಬಿಡುವಾಗ ಕ್ಲಚ್ ಪ್ಲೇಟು ಜಾರುತ್ತ ಜಾರುತ್ತ ಹಿಡಿಯತೊಡಗುತ್ತದೆ. ಎಂಜಿನ್ನಿನ ದನಿ ಕೊಂಚ ಕುಗ್ಗಿ, ಕಾರಿನ ಮೂತಿ ಕೊಂಚ ಎದ್ದು, ಪಾದಕ್ಕೆ ಸಣ್ಣ ನಡುಕ ತಾಗುತ್ತದೆ. ಕಾರಿನಿಂದ ಕಾರಿಗೆ ಈ ಹಿಡಿತದ ಎತ್ತರ ಬದಲಾಗುವುದರಿಂದ, ನುರಿತ ಚಾಲಕನೂ ಬೇರೆಯವರ ಕಾರಿನಲ್ಲಿ ಮೊದಲ ಸಲ ಎಂಜಿನ್ ಬಂದ್ ಮಾಡಿ ಮುಜುಗರಪಡುವುದುಂಟು. ಏರಿನಲ್ಲಿ ಬ್ರೇಕಿನ ಬದಲು ಹಾಫ್ ಕ್ಲಚ್‌ನಿಂದಲೇ ಕಾರು ನಿಲ್ಲಿಸುವುದು ಕೌಶಲವೆಂದು ಮೆರೆಯುವವರಿದ್ದಾರೆ. ಸುಟ್ಟ ವಾಸನೆ ಬಂದಾಗ ಪ್ಲೇಟು ಸವೆಯುತ್ತಿರುವುದು ತಿಳಿಯುತ್ತದೆ.

ಸೆಲೆರಿಯೋ ಕಾರಿನೊಂದಿಗೆ 2014ರಲ್ಲಿ ಭಾರತಕ್ಕೆ ಬಂದ ಎ.ಎಂ.ಟಿ. ವ್ಯವಸ್ಥೆಯಲ್ಲಿ ಕ್ಲಚ್ ಪೆಡಲ್ ಇಲ್ಲವಾದರೂ ಕ್ಲಚ್ ಪ್ಲೇಟು, ಹಲ್ಲುಗಾಲಿಗಳು ಹಾಗೆಯೇ ಉಳಿದಿವೆ. ಎಡಗಾಲಿನ ಕೆಲಸವನ್ನು ಕಂಪ್ಯೂಟರಿನ ಅಪ್ಪಣೆಯಂತೆ ಯಂತ್ರವೊಂದು ಮಾಡುತ್ತದೆ. ಅದು ಗೇರ್ ಬದಲಿಸುವಾಗ ಕಾರು ಅರೆಕ್ಷಣ ತಡವರಿಸುತ್ತದೆ, ಮತ್ತು ಕೈಗೇರಿಗೆ ಒಗ್ಗಿದವರ ಎಡಗಾಲು ಆ ಗಳಿಗೆಯಲ್ಲಿ ಖಾಲಿ ನೆಲವನ್ನು ಒತ್ತುತ್ತಿರುತ್ತದೆ.